ಓರಗಿತ್ತಿಯ ಕೋಣೆಗೂ ಒಮ್ಮೆ ಹೋಗಿ ಬಾ

ಪ್ರೀತಿಯ ಹುಡುಗಿ,

ನಿನ್ನ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಜೊತೆಗಿಟ್ಟ ಪತ್ರವನ್ನು ಅದಕ್ಕಿಂತ ಹೆಚ್ಚು ಸಲ ಓದಿದ್ದೇನೆ. "ಇದು ಹೆಂಗಸರ ಕಾದಂಬರಿ, ಮಧ್ಯಾಹ್ನ ಹೊತ್ತು ಹೋಗೋಕೆ ಓದುವಂಥದ್ದು ಅಂತ ಮೇಷ್ಟ್ರು ಪಕ್ಕಕ್ಕಿಟ್ಟರು, ಬರೆಯೋದೇ ಬಿಟ್ಟುಬಿಡಲಾ ಅಮ್ಮಾ" ಎಂದು ಕೇಳಿದ್ದೀಯ. ಬಿಡಬೇಡ. ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶಕರನ್ನು ಕಾಣಬೇಕು ಎಂಬುದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನಾನು ಮಾತಾಡಬೇಕಿರುವುದು ನಿನ್ನ ಕಥೆಯ ಓರಗಿತ್ತಿಯ ಬಗ್ಗೆ.

ಮೊದಲು ಮೇಷ್ಟ್ರ ಮಾತು ಮುಗಿಸಿಬಿಡೋಣ. ನಮ್ಮ ಕಾಲದಲ್ಲಿ ಇಂಥದ್ದಕ್ಕೆ "ಅಡುಗೆಮನೆ ಸಾಹಿತ್ಯ" ಎಂಬ ಹೆಸರೇ ಇತ್ತು. ಕಾದಂಬರಿಗಾರ್ತಿ ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ತುಂಬಿರಲಿಲ್ಲ. ಅವರ 'ಶರಪಂಜರ'ದ ಕಾವೇರಿ ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರು ಅವಳನ್ನು ನೋಡುವ ನೋಟಕ್ಕೆ ಮಾತ್ರ ಮದ್ದಿಲ್ಲ. ತ್ರಿವೇಣಿ ಹೋದ ಅದೇ ವರ್ಷ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂತು. ಅವರಿಗಾಗ 46 ವರ್ಷ. 1976ಕ್ಕೆ 'ಫಣಿಯಮ್ಮ' ಬರೆದರು. ಅಡುಗೆಮನೆಯಿಂದ ಬಂದದ್ದು ಅಂತ ಯಾರಾದರೂ ಅಂದರೆ ಹೌದು ಅನ್ನು. ಈ ನಾಡಿನ ಅರ್ಧ ಜನ ದಿನದ ಅರ್ಧ ಹೊತ್ತು ಕಳೆದದ್ದು ಅಲ್ಲಿಯೇ ತಾನೆ?

ಹಾಗಂತ ನಾವು ಬರೆದದ್ದೆಲ್ಲ ಚಿನ್ನ ಎನ್ನಲಾರೆ. ವಾರಪತ್ರಿಕೆಗಳ ಧಾರಾವಾಹಿಗೆ ಓದುಗರು ಕಾದು ಕೂರುತ್ತಿದ್ದ ದಿನಗಳವು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ನನ್ನದೇ ಪುಸ್ತಕವನ್ನು ಎರವಲು ತಂದು ನೋಡಿದ್ದೇನೆ. ಪುಟದ ಅಂಚಿಗೆ ಅರಿಶಿನದ ಬೆರಳಚ್ಚು ಇರುತ್ತಿತ್ತು, ಒಗ್ಗರಣೆಯ ಎಣ್ಣೆಯ ಚುಕ್ಕೆ ಇರುತ್ತಿತ್ತು. ಅಂಥ ಕೈಗಳಿಗೆ ನಾವು ಕೊಟ್ಟದ್ದೇನು? ಉದ್ದ ಜಡೆ, ಮೆಲುಮಾತು, ತಗ್ಗಿಸಿದ ತಲೆ. ಗಂಡ ಅವಮಾನಿಸಿದರೂ ಅವನಿಗೆ ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆಬಟ್ಟೆ ಹಾಕಿ ಅವನನ್ನು ಗೆಲ್ಲುವ ನಾಯಕಿ. ಅವಳ ಪಕ್ಕದಲ್ಲಿ ತಪ್ಪದೆ ಇನ್ನೊಬ್ಬಳು: ಬಾಬ್ ಕಟ್, ತೋಳಿಲ್ಲದ ರವಿಕೆ, ತುಟಿಗೆ ಬಣ್ಣ, ಬಾಯಲ್ಲಿ ಇಂಗ್ಲಿಷು, ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಗೊತ್ತಿಲ್ಲದವಳು. ಇವಳನ್ನು ಕೆಟ್ಟವಳು ಮಾಡದೆ ಅವಳನ್ನು ಒಳ್ಳೆಯವಳು ಮಾಡುವುದು ನಮಗೆ ಬರಲೇ ಇಲ್ಲ.

ನಾನೂ ಮಾಡಿದೆ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಒಬ್ಬರು ಬಾಡಿಗೆಗೆ ಇದ್ದರು. ಒಂಟಿ ಹೆಂಗಸು. ನಮ್ಮಪ್ಪನಿಗೆ ಊರಲ್ಲಿ ಹುಷಾರು ತಪ್ಪಿದ ರಾತ್ರಿ ಟ್ರಂಕ್ ಕಾಲ್ ಕೂಡಿಸಿಕೊಟ್ಟವರು ಅವರೇ. ಅವರ ಕೈಚೀಲ, ನಡಿಗೆ, ರಾತ್ರಿಪಾಳಿ ಎಲ್ಲವನ್ನೂ ಎತ್ತಿ ಧಾರಾವಾಹಿಯ ಕೆಟ್ಟ ಹೆಂಗಸಿಗೆ ತೊಡಿಸಿದೆ. ಅವಳು ಅಪರಾತ್ರಿಯಲ್ಲಿ ಚಪ್ಪಲಿ ಟಪಟಪ ಸದ್ದು ಮಾಡುತ್ತ, ನಾಚಿಕೆಯಿಲ್ಲದೆ ಮೆಟ್ಟಿಲು ಹತ್ತುತ್ತಾಳೆ ಅಂತ ಬರೆದೆ. ಏಳನೆಯ ಕಂತು ಬಂದ ಮೇಲೆ ಅವರು ನಮ್ಮ ಜಗಲಿಗೆ ಬಂದು ಕೂರುವುದನ್ನು ನಿಲ್ಲಿಸಿದರು. ಒಂದು ಸಂಜೆ ಮೆಟ್ಟಿಲ ಬುಡದಲ್ಲಿ ಎದುರಾದಾಗ ಇಷ್ಟೇ ಅಂದರು: "ನಿಮ್ಮ ಮಗು ಎದ್ದುಬಿಡುತ್ತೆ ಅಂತ ನಾನು ರಾತ್ರಿ ಚಪ್ಪಲಿ ಕೈಯಲ್ಲಿ ಹಿಡಕೊಂಡು ಹತ್ತೋದು, ಅಕ್ಕಾ."

ನಾನು ಏನೂ ಹೇಳಲಿಲ್ಲ. ಮುಂದಿನ ಕಂತುಗಳು ಆಗಲೇ ಅಚ್ಚಿಗೆ ಹೋಗಿದ್ದವು ಎಂದು ಸಮಾಧಾನ ಮಾಡಿಕೊಂಡೆ. ಅದು ಸುಳ್ಳು, ಎರಡು ಕಂತು ಇನ್ನೂ ನನ್ನ ಮೇಜಿನ ಮೇಲೇ ಇದ್ದವು. ಅವುಗಳಲ್ಲಿ ಅವಳಿಗೆ ಕಾಯಿಲೆ ಬರಿಸಿ, ನಾಯಕಿಯ ಕೈಯಿಂದ ನೀರು ಕುಡಿಸಿ, ಕ್ಷಮೆ ಕೇಳಿಸಿದೆ. ಮೆಚ್ಚುಗೆಯ ಪತ್ರಗಳು ರಾಶಿ ಬಿದ್ದವು. ವರ್ಷದೊಳಗೆ ಅವರಿಗೆ ವರ್ಗವಾಯಿತು.

ಆ ಕಾದಂಬರಿಯ ಬಗ್ಗೆ ಬಹುಕಾಲ ನಾನು ಸಂಪಾದಕರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ನನ್ನ ನಾಯಕಿ ಕೆಲಸ ಹಿಡಿದು ಬೇರೆ ಊರಿಗೆ ಹೊರಡುತ್ತಿದ್ದಳು. "ಓದುಗರಿಗೆ ಹಿಡಿಸೋದಿಲ್ಲ, ಮನೆಗೆ ವಾಪಸ್ ಕಳಿಸಿ" ಎಂದು ಅವರು ಕೊನೆಯನ್ನು ತಿದ್ದಿಸಿದರು. ಆ ಸಿಟ್ಟು ಈಗಲೂ ಇದೆ. ಆದರೆ ಮೇಲಿನ ಕೋಣೆಯವರನ್ನು ಹಾಗೆ ಬರೆಯಿರಿ ಅಂತ ಅವರೇನೂ ಹೇಳಿರಲಿಲ್ಲ. ಅದು ಪೂರ್ತಿ ನನ್ನ ಕೆಲಸ.

ಇದು ಹಳೆಯ ಜಾಡು. ನಮಗಿಂತ ಬಹಳ ಹಿಂದಿನ ಲೇಖಕಿ ನಂಜನಗೂಡು ತಿರುಮಲಾಂಬ ಬಾಲವಿಧವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತಾವೇ ಗ್ರಂಥಮಾಲೆ ಕಟ್ಟಿದರು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಗ್ರಂಥಮಾಲೆಗೆ ಇಟ್ಟ ಹೆಸರು 'ಸತೀಹಿತೈಷಿಣಿ'; ಅವರ 'ಸುಶೀಲೆ' ಕಾದಂಬರಿಯ ನಾಯಕಿ ಹೆಸರಿಗೆ ತಕ್ಕ ಆದರ್ಶ ಪತ್ನಿ. ಅವರು ಬದುಕಿದಂಥ ಹೆಂಗಸಿಗೆ ಕಥೆಯಲ್ಲಿ ನಾಯಕಿಯ ಪಟ್ಟ ಸಿಗಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಈಗ ನಿನ್ನ ಓರಗಿತ್ತಿ. ಬ್ಯಾಂಕಿಗೆ ಹೋಗುತ್ತಾಳೆ, ಕೂದಲು ಕತ್ತರಿಸಿಕೊಂಡಿದ್ದಾಳೆ, ಅಂಗಡಿಯಿಂದ ದೋಸೆ ಹಿಟ್ಟು ತರುತ್ತಾಳೆ. ಇಷ್ಟಕ್ಕೇ ಅವಳನ್ನು ಪಾಪಿ ಮಾಡಿದ್ದೀಯ. ಮೂರನೆಯ ಅಧ್ಯಾಯದಲ್ಲಿ ಅತ್ತೆಯ ಹೃದಯದ ಆಪರೇಷನ್ನಿಗೆ ದುಡ್ಡು ಕೊಟ್ಟವಳು ಅವಳೇ ಎಂದು ಅರ್ಧ ವಾಕ್ಯದಲ್ಲಿ ಬರೆದು ಮರೆತೇಬಿಟ್ಟಿದ್ದೀಯ. ಮರೆತದ್ದು ಹೇಗೆ ಕಣೇ? ನೀನು ಸಂಬಳ ಎಣಿಸಿ ಬದುಕುವ ಹುಡುಗಿ.

ನಿನ್ನ ನಾಯಕಿ ಮಧ್ಯಾಹ್ನ ಮೂರು ಗಂಟೆಗೆ ಒಲೆಕಟ್ಟೆಯ ಪಕ್ಕ ನಿಂತು, ತಳ ಹಿಡಿದ ಅನ್ನವನ್ನು ಸೌಟಿನಿಂದ ಕೆರೆದು, ಆರಿದ ಸಾರು ಸುರಿದುಕೊಂಡು ತಿನ್ನುತ್ತಾಳಲ್ಲ, ಅದನ್ನು ಓದಿ ನಾನು ಹಸ್ತಪ್ರತಿ ಮಡಚಿ ಸುಮ್ಮನೆ ಕೂತೆ. ಅಂಥ ವಾಕ್ಯ ಬರೆಯಲು ನನಗೆ ಹತ್ತು ವರ್ಷ ಬೇಕಾಯಿತು. ಆಮೇಲಿನ ಸಾಲು ನೋಡು: "ಭೂಮಿತಾಯಿಯಂಥ ಸಹನೆ ಅವಳದು." ಅದನ್ನು ಹೊಡೆದುಹಾಕು. ಅವಳಿಗೆ ಹಸಿವಾಗಿತ್ತು. ಅಷ್ಟು ಹೊತ್ತು ಯಾರೂ ಅವಳನ್ನು ಊಟಕ್ಕೆ ಕರೆಯಲಿಲ್ಲ. 'ಕ್ಷಮಯಾ ಧರಿತ್ರೀ' ಎಂದು ಶ್ಲೋಕ ಹೇಳಿ ಆ ತಟ್ಟೆ ಮುಚ್ಚಬೇಡ. ಹನ್ನೊಂದನೆಯ ಅಧ್ಯಾಯದಲ್ಲಿ ಕಪಾಳಕ್ಕೆ ಹೊಡೆದ ಗಂಡ ರಾತ್ರಿ ಮಲ್ಲಿಗೆ ತಂದು ಮುಡಿಸುವುದನ್ನು ಪ್ರೀತಿ ಎಂದು ಕರೆದಿದ್ದೀಯ. ಆ ಪುಟ ಓದಿ ನನಗೆ ನಿನ್ನ ಮೇಲೆ ನಿಜಕ್ಕೂ ಕೋಪ ಬಂತು. ಅದರ ಬಗ್ಗೆ ಇನ್ನೊಂದು ಪತ್ರ ಬರೆಯುತ್ತೇನೆ.

ಸದ್ಯಕ್ಕೆ ಎಂಟನೆಯ ಅಧ್ಯಾಯ ಒಂದನ್ನು ಓರಗಿತ್ತಿಯ ಕೋಣೆಯೊಳಗಿಂದ ಮತ್ತೆ ಬರೆದು ಕಳಿಸು. ಬ್ಯಾಂಕಿನಿಂದ ಬಂದವಳು ಬಾಗಿಲು ಹಾಕಿಕೊಂಡು ಆ ಒಂದು ಗಂಟೆ ಏನು ಮಾಡುತ್ತಾಳೆ ಎಂದು ನನಗೆ ತಿಳಿಯಬೇಕು. ಅಕ್ಷರ ದೊಡ್ಡದಾಗಿರಲಿ; ಎಡಗಣ್ಣಿನ ಪೊರೆ ಇನ್ನೂ ತೆಗೆಸಿಲ್ಲ.

ಕಾಯುತ್ತಿರುತ್ತೇನೆ.

ನಿನ್ನ
ಅಮ್ಮ