ರಘುವಿನ ಬೆರಳಿನ ವಿಷಯವಾಗಿ ಅಪ್ಪನಿಗೆ ಪತ್ರ

ಮ್ಯಾಂಚೆಸ್ಟರ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ.

ಚೆಂಡು ಬಡಿದು ರಘುವಿನ ಉಂಗುರ ಬೆರಳಿನ ಮೂಳೆ ಮುರಿದಿದೆಯೆಂಬ ನಿಮ್ಮ ಪತ್ರ ಓದಿದಾಗಿನಿಂದ ನನಗೆ ಅದರದೇ ಯೋಚನೆ. ಚೆಂಡು ಬೆರಳ ತುದಿಗೆ ನೇರವಾಗಿ ಬಡಿದರೆ ನಡುಗೀಲಿನ ಮೂಳೆ ಒಳಕ್ಕೆ ಕುಸಿದು ಚೂರಾಗುವುದುಂಟು. ನಾನು ಫಿಸಿಯೊಥೆರಪಿ ಮಾಡಿಸುವ ವಿಭಾಗಕ್ಕೂ ಅಂಥವರು ಬರುತ್ತಲೇ ಇರುತ್ತಾರೆ. ಡಾಕ್ಟರು ಹೊರಗಿನಿಂದ ಫಿಕ್ಸೇಟರ್, ಅಂದರೆ ಮೂಳೆಯನ್ನು ಹಿಡಿದಿಡುವ ಚೌಕಟ್ಟು, ಹಾಕೋಣವೆಂದದ್ದಕ್ಕೆ ದಯವಿಟ್ಟು ಹೆದರಬೇಡಿ. ಚೂರುಗಳು ಸ್ಕ್ರೂ ಹಿಡಿಯಲಾರದಷ್ಟು ಸಣ್ಣವಾಗಿದ್ದಾಗ, ಕೀಲಿನ ಆಚೆ ಈಚೆ ಮೂಳೆಯೊಳಗೆ ತೆಳ್ಳನೆಯ ತಂತಿ ತೂರಿಸಿ, ಹೊರಗೆ ಚೌಕಟ್ಟು ಕಟ್ಟಿ ಬೆರಳನ್ನು ಉದ್ದಕ್ಕೆ ಎಳೆದು ಹಿಡಿಯುತ್ತಾರೆ. ಆ ಎಳೆತಕ್ಕೆ ಕೀಲಿನ ಸುತ್ತ ಮೂಳೆಗಳನ್ನು ಬೆಸೆಯುವ ನಾರುಪಟ್ಟಿಗಳು ಬಿಗಿಯಾಗಿ, ಚೂರುಗಳನ್ನು ಬಹುಮಟ್ಟಿಗೆ ತಮ್ಮ ಜಾಗಕ್ಕೆ ತರುತ್ತವೆ.

ಶ್ರೀನಿವಾಸ ಮಾವ ಹೇಳಿದ ನಾಟಿ ಕಟ್ಟು ಮಾತ್ರ ಬೇಡವೇ ಬೇಡ. ಅಲುಗಾಡದಂತೆ ವಾರಗಟ್ಟಲೆ ಬಿಗಿದಿಟ್ಟ ಬೆರಳ ಕೀಲು ಸೆಟೆದುಕೊಳ್ಳುತ್ತದೆ, ತಡವಾದಷ್ಟೂ ಚೂರುಗಳು ವಕ್ರವಾಗಿಯೇ ಕೂಡಿಕೊಳ್ಳುತ್ತವೆ.

ಇಲ್ಲಿ ಕೆಲವರಿಗೆ ಕೈಯಷ್ಟನ್ನೇ ಮರಗಟ್ಟಿಸಿ, ಮಾತನಾಡಿಸುತ್ತಲೇ ತಂತಿ ಹಾಕಿ, ಸಂಜೆಗೆ ಮನೆಗೆ ಕಳಿಸುತ್ತಾರೆ. ಜೊತೆಗೆ ನೆಂಟರೊಬ್ಬರೂ ಇರುವುದಿಲ್ಲ, ಅಮ್ಮ ಇದನ್ನು ನಂಬಲಾರಳು! ಜಪಾನಿನ ಸುಜುಕಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ, ತಂತಿಗೆ ರಬ್ಬರ್ ಬ್ಯಾಂಡ್ ಕಟ್ಟುವ ಚೌಕಟ್ಟು ಇಲ್ಲಿ ಬಳಕೆಯಲ್ಲಿದೆ. ಅದನ್ನು ತೊಟ್ಟೇ ಬೆರಳು ಮಡಿಸಿ ಬಿಡಿಸಬಹುದು. ಆದರೆ ವಿದೇಶದಲ್ಲಾಗಿದ್ದರೆ ಚೆನ್ನಾಗಿತ್ತೆಂದು ಕೊರಗಬೇಡಿ. ಮುಂಬೈನ ಡಾ. ಬಿ. ಬಿ. ಜೋಶಿಯವರು ರೂಪಿಸಿದ ‘ಜೆಸ್’ ಫಿಕ್ಸೇಟರ್ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಪಳಗಿದ ವಿದ್ಯೆ, ನನಗೆ ಅದರ ಬಗ್ಗೆ ಹೆಮ್ಮೆಯಿದೆ.

ಚೌಕಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇರುತ್ತದೆ. ಕೈ ಎದೆಗಿಂತ ಮೇಲಿರಲಿ, ತಂತಿಯ ಬುಡವನ್ನು ಡಾಕ್ಟರು ತೋರಿಸಿದಂತೆಯೇ ಶುಚಿಮಾಡಲಿ. ಕೆಂಪಾಗಿ ನೋವು ಹೆಚ್ಚಿದರೆ ಅಥವಾ ಕೀವು ಕಂಡರೆ ಅದೇ ದಿನ ತೋರಿಸಿ. ಬೆರಳನ್ನು ಎಂದಿನಿಂದ, ಎಷ್ಟು ಮಡಿಸಬೇಕೆಂದು ಕೇಳಿಕೊಂಡು, ನೋವಿಗೆ ಅಂಜದೆ ದಿನವೂ ಮಾಡಲಿ. ಬಾವು ತಿಂಗಳುಗಟ್ಟಲೆ ಉಳಿಯಬಹುದು, ಬೆರಳು ಮೊದಲಿನಷ್ಟು ಪೂರ್ತಿ ಮಡಚದೆಯೂ ಇರಬಹುದು. ಆದರೂ ಕೆಲಸಕ್ಕೆ ಬರುವ ಕೈ ಉಳಿಯುತ್ತದೆ. ನಿಶ್ಚಿತಾರ್ಥದ ದಿನ ಕೈಯಲ್ಲಿ ತಂತಿ ಕಂಡರೆ ಬೀಗರು ಏನೆಂದುಕೊಂಡಾರೆಂಬ ಚಿಂತೆ ಅಮ್ಮನಿಗೆ ಬೇಡ, ಇದ್ದದ್ದನ್ನು ಇದ್ದಂತೆ ಹೇಳಿಬಿಡಿ. ಏನೂ ಆಗುವುದಿಲ್ಲ ಅಪ್ಪ, ಖಂಡಿತ ಏನೂ ಆಗುವುದಿಲ್ಲ.

ಹಣ ಕಳಿಸಿದ್ದೇನೆ. ಎಕ್ಸ್‌ರೇ ಫೋಟೊ ಇಂದೇ ಕಳಿಸಲು ರಘುವಿಗೆ ಹೇಳಿ. ಡ್ಯೂಟಿಗೆ ಹೊತ್ತಾಯಿತು. ಅಮ್ಮನಿಗೆ, ಅಜ್ಜಿಗೆ ನಮಸ್ಕಾರಗಳು.

ಇಂತಿ ನಿಮ್ಮ ಮಗಳು,
ಸುಮಾ