ಕಮಿಷನ್ ಎಷ್ಟು ಎಂದು ಕೇಳಿದಿರಲ್ಲ, ಅಪ್ಪಯ್ಯ

ನ್ಯೂಯಾರ್ಕ್
ಡಿಸೆಂಬರ್ 2025

ತೀರ್ಥರೂಪ ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಚಳಿ ಜೋರಾಗಿದೆ. ಅಮ್ಮ ಕೊಟ್ಟ ಅಪ್ಪೆಮಿಡಿ ಇನ್ನೂ ಅರ್ಧ ಡಬ್ಬಿ ಇದೆ, ಚಿಂತೆ ಬೇಡ. ಮೊನ್ನೆ ಸಿಗ್ನಲ್ ಹೋಗಿ ಮಾತು ಅರ್ಧಕ್ಕೇ ನಿಂತಿತು. ನೀವು ಕೇಳಿದ ಎರಡು ಪ್ರಶ್ನೆಗೂ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲನೆಯದು, "ಅಷ್ಟೆಲ್ಲ ದುಡ್ಡು ಎತ್ತಿ ಕೊಡ್ತೀಯಲ್ಲ, ನಿನಗೆ ಎಷ್ಟು ಪರ್ಸೆಂಟ್?" ಒಂದು ಪೈಸೆಯೂ ಇಲ್ಲ ಅಪ್ಪಯ್ಯ. ನನಗೆ ತಿಂಗಳ ಸಂಬಳ, ಅಷ್ಟೇ. ಒಳ್ಳೆಯ ಕೆಲಸಕ್ಕೆ ದಾನ ಎತ್ತುವ ಈ ಕಸುಬಿನವರದೇ ಒಂದು ದೊಡ್ಡ ಸಂಘವಿದೆ, ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್ ಅಂತ. ಎತ್ತಿದ ಹಣದಲ್ಲಿ ಪಾಲು ತೆಗೆದುಕೊಳ್ಳಬಾರದು ಎಂದು ಅದರ ನಿಯಮದಲ್ಲೇ ಇದೆ. ನನಗೆ ಇದು ತುಂಬಾ ಸರಿ ಅನಿಸುತ್ತದೆ. ಕಮಿಷನ್ ಇದ್ದರೆ ಯಾರ ಜೇಬು ದೊಡ್ಡದು ಎಂದಷ್ಟೇ ನೋಡುತ್ತೇವೆ. ಕೊಡುವವರಿಗೂ ಗೊತ್ತಾಗಿಬಿಡುತ್ತದೆ, ಇವಳು ತನ್ನ ಪಾಲಿಗೆ ಬಂದಿದ್ದಾಳೆ ಅಂತ. ಆಮೇಲೆ ನಂಬಿಕೆ ಎಲ್ಲಿಂದ ಬರಬೇಕು?

ನಮ್ಮದು ಸಾಕ್ಷ್ಯಚಿತ್ರ ಮಾಡುವವರಿಗೆ ದುಡ್ಡು ಹೊಂದಿಸಲು ನೆರವಾಗುವ ಚಿಕ್ಕ ಸಂಸ್ಥೆ. ಇಲ್ಲಿನ ತೆರಿಗೆ ಕಾನೂನಿನಲ್ಲಿ ಲಾಭಕ್ಕಲ್ಲದ ಧರ್ಮಾರ್ಥ ಸಂಸ್ಥೆಗಳಿಗಿರುವ 501(ಸಿ)(3) ಕಲಮಿನ ಕೆಳಗೆ ಬರುತ್ತದೆ. ನಮಗೆ ದಾನ ಕೊಟ್ಟವರು ತೆರಿಗೆ ವಿನಾಯಿತಿ ಕೇಳಬಹುದು. ಸ್ವಂತವಾಗಿ ಸಿನಿಮಾ ಮಾಡುವವರಿಗೆ ಆ ಅನುಕೂಲ ಇಲ್ಲ. ದೊಡ್ಡ ಫೌಂಡೇಷನ್‌ಗಳು, ಅಂದರೆ ದಾನ ಕೊಡುವ ನಿಧಿಗಳು, ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ಹೆಸರಿಗೆ ಚೆಕ್ ಬರೆಯುವುದಿಲ್ಲ. ಅದಕ್ಕೇ ನಾವು ಅವರಿಗೆ 'ಫಿಸ್ಕಲ್ ಸ್ಪಾನ್ಸರ್' ಆಗುತ್ತೇವೆ. ದುಡ್ಡು ನಮ್ಮ ಖಾತೆಗೆ ಬರುತ್ತದೆ, ಹೇಳಿದ ಕೆಲಸಕ್ಕೇ ಖರ್ಚಾಯಿತೇ ಎಂದು ನೋಡುವ ಹೊಣೆ ನಮ್ಮದು. ಇದಕ್ಕಾಗಿ ಇಂಥ ಸಂಸ್ಥೆಗಳು ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಇಟ್ಟುಕೊಳ್ಳುತ್ತವೆ. ಅದು ಲೆಕ್ಕಪತ್ರಕ್ಕೆ, ಆಡಿಟ್ ಖರ್ಚಿಗೆ.

ಈಗ ಒಬ್ಬಾಕೆಯ ಸಾಕ್ಷ್ಯಚಿತ್ರಕ್ಕೆ ಓಡಾಡುತ್ತಿದ್ದೇನೆ. 1982ರಲ್ಲಿ ಇಲ್ಲಿನ ಚೈನಾಟೌನಿನ ಹೊಲಿಗೆ ಕಾರ್ಖಾನೆಗಳ ಸುಮಾರು 20,000 ಕೆಲಸಗಾರರು ಮುಷ್ಕರ ಹೂಡಿದ್ದರು, ಹೆಚ್ಚಿನವರು ಹೆಂಗಸರು. ಅವರಲ್ಲಿ ಬದುಕಿರುವವರನ್ನು ಈಕೆ ಮಾತಾಡಿಸುತ್ತಿದ್ದಾರೆ. ಮೊದಲ ಸಲ ಬಜೆಟ್ ಹಾಳೆ ತಂದಾಗ ಸಾಲು ಸಾಲಾಗಿ ನೋಡಿದೆ. ಕ್ಯಾಮೆರಾದವರಿಗೆ ಇಷ್ಟು, ಎಡಿಟರ್‌ಗೆ ಇಷ್ಟು, ಸಬ್‌ಟೈಟಲ್‌ಗೆ ಇಷ್ಟು. ಟಿವಿ ಚಾನೆಲ್‌ಗಳ ಹಳೇ ಫುಟೇಜ್ ಹಕ್ಕಿಗೇ ದೊಡ್ಡ ಮೊತ್ತ. ಅದಿಲ್ಲದೆ ಆ ಕಾಲವನ್ನು ತೋರಿಸುವುದು ಹೇಗೆ? ನಿರ್ದೇಶಕಿಯ ಸಂಬಳದ ಸಾಲಿನಲ್ಲಿ ಮಾತ್ರ ಸೊನ್ನೆ. ಇಂಥವರು ಬಹಳ ಜನ ಹೀಗೇ ಮಾಡುತ್ತಾರೆ. ತನಗೆ ಬೇಡ ಎಂದರೆ ಕೊಡುವವರಿಗೆ ಖುಷಿ ಆಗುತ್ತದೆ ಅಂದುಕೊಳ್ಳುತ್ತಾರೆ. ನಾನು ಒಪ್ಪಲಿಲ್ಲ. ಬಾಡಿಗೆ ಕಟ್ಟಲಾಗದೆ ಸಿನಿಮಾ ಅರ್ಧಕ್ಕೆ ಬಿಟ್ಟರೆ, ಕೊಟ್ಟವರ ದುಡ್ಡೂ ಹಾಳು ಅಲ್ವಾ? ಆ ಸಾಲು ತುಂಬಿಸಿಯೇ ಅರ್ಜಿ ಕಳಿಸಿದ್ದು.

ಯಾರನ್ನು ಕೇಳಬೇಕು ಎಂದು ಹುಡುಕುವುದೇ ನನ್ನ ಕೆಲಸದಲ್ಲಿ ದೊಡ್ಡ ಭಾಗ. ಇಲ್ಲಿನ ಖಾಸಗಿ ಫೌಂಡೇಷನ್‌ಗಳು ತಮ್ಮ ಆಸ್ತಿಯ ಸುಮಾರು ನೂರಕ್ಕೆ 5ರಷ್ಟನ್ನು ವರ್ಷಾ ವರ್ಷ ಹಂಚಲೇಬೇಕು. ಯಾರಿಗೆ ಎಷ್ಟು ಕೊಟ್ಟರು ಎಂಬ ಪಟ್ಟಿ ತೆರಿಗೆಯವರಿಗೆ ಸಲ್ಲಿಸುವ 990-ಪಿಎಫ್ ಫಾರಂನಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಅದನ್ನು ಓದದೆ ಸುಮ್ನೆ ನೂರು ಕಡೆ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಜನರ ಹತ್ತಿರ ನೇರವಾಗಿ ಕೇಳುವ ದಾರಿಯೂ ಇದೆ. 2013ರ ನಮ್ಮ 'ಲೂಸಿಯಾ'ವನ್ನು ಪವನ್ ಕುಮಾರ್ ಪ್ರೇಕ್ಷಕರ ದುಡ್ಡಿನಲ್ಲೇ ಮಾಡಿದರಲ್ಲ, ಹಾಗೆ. ಇಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣ 2009ರಿಂದ ಇದೆ. ಹೇಳಿದ ಗುರಿ ಮುಟ್ಟದಿದ್ದರೆ ಒಂದು ಡಾಲರೂ ಕೈಗೆ ಬರುವುದಿಲ್ಲ.

ಈ ವರ್ಷ ಮಾತ್ರ ತುಂಬಾ ಕಷ್ಟವಾಯಿತು. ಏಪ್ರಿಲ್‌ನಲ್ಲಿ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮ್ಯಾನಿಟೀಸ್ ಎಂಬ ಇಲ್ಲಿನ ಸರ್ಕಾರಿ ಅನುದಾನ ಸಂಸ್ಥೆ ಆಗಲೇ ಮಂಜೂರು ಮಾಡಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ರದ್ದು ಮಾಡಿತು. ಜುಲೈನಲ್ಲಿ ಸಾರ್ವಜನಿಕ ರೇಡಿಯೋ, ಟಿವಿಗೆ ಇಟ್ಟಿದ್ದ ಸುಮಾರು 110 ಕೋಟಿ ಡಾಲರನ್ನು ಸರ್ಕಾರ ವಾಪಸ್ ಪಡೆಯಿತು. ಚಿತ್ರೀಕರಣ ಮುಗಿಸಿ ಎಡಿಟಿಂಗ್‌ಗೆ ಕೂತವರ ಗತಿ ಯೋಚಿಸಿ. ಎಲ್ಲರೂ ಈಗ ಅದೇ ನಾಲ್ಕು ಫೌಂಡೇಷನ್‌ಗಳ ಬಾಗಿಲಲ್ಲಿ ನಿಂತಿದ್ದಾರೆ. ನನಗೆ ಕೋಪವೂ ಬರುತ್ತದೆ, ಸಂಕಟವೂ ಆಗುತ್ತದೆ. ಮುಷ್ಕರ ಮಾಡಿದ ಆ ಅಜ್ಜಿಯರು ಇನ್ನು ಎಷ್ಟು ವರ್ಷ ಕಾಯುತ್ತಾರೆ?

ಡಿಸೆಂಬರ್ ಆದ್ದರಿಂದ ಮೈಮೇಲೆ ಕೆಲಸ. ತೆರಿಗೆ ವರ್ಷ 31ಕ್ಕೆ ಮುಗಿಯುತ್ತದೆ, ಜನ ಜಾಸ್ತಿ ಕೊಡುವುದು ಈಗಲೇ. 250 ಡಾಲರ್ ಅಥವಾ ಮೇಲ್ಪಟ್ಟು ಕೊಟ್ಟವರಿಗೆ ವಿನಾಯಿತಿ ಬೇಕೆಂದರೆ ನಮ್ಮ ಪತ್ರ ಇರಲೇಬೇಕು. ಬದಲಿಗೆ ಏನಾದರೂ ಕೊಟ್ಟೆವೋ ಇಲ್ಲವೋ ಎಂದು ಅದರಲ್ಲಿ ಬರೆದಿರಬೇಕು. ನಾನು 20 ಡಾಲರ್ ಕೊಟ್ಟವರಿಗೂ ಪತ್ರ ಬರೆಯುತ್ತೇನೆ. ಕೊನೆಗೆ ಒಂದು ಸಾಲು ಕೈಯಲ್ಲೇ ಸೇರಿಸುತ್ತೇನೆ, ಅವರ ದುಡ್ಡಿನಿಂದ ಈ ತಿಂಗಳು ಏನಾಯಿತು ಅಂತ.

ಇನ್ನು ಎರಡನೆಯದು, ಊರಿನ ಗ್ರಂಥಾಲಯದ ಕಟ್ಟಡಕ್ಕೆ ಅಮೆರಿಕದಿಂದ ದುಡ್ಡು ತರಲಾಗುತ್ತದೆಯೇ ಎಂದಿರಿ. ಸದ್ಯಕ್ಕೆ ಆಗುವುದಿಲ್ಲ. ವಿದೇಶಿ ದೇಣಿಗೆ ಪಡೆಯಲು ನಮ್ಮ ಗ್ರಂಥಾಲಯದ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ನೋಂದಣಿ ಬೇಕು. ಅದಕ್ಕೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು. ಅತ್ತೆ ಮಗ ಅಮೆರಿಕದ ಪಾಸ್‌ಪೋರ್ಟ್ ತಗೊಂಡಿದ್ದಾನೆ, ಅವನು ಕೊಟ್ಟರೂ ಅದು ವಿದೇಶಿ ದುಡ್ಡೇ. ದಯವಿಟ್ಟು ತಗೋಬೇಡಿ. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ನನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಬಹುದು, ಕಳಿಸುತ್ತೇನೆ.

ದೊಡ್ಡ ಮೊತ್ತಕ್ಕೆ ಅಲ್ಲಿನ ಕಂಪನಿಗಳನ್ನೇ ಕೇಳಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಗಳಿಗೆ, ಖರ್ಚು ಮಾಡಬೇಕು. ಸಾರ್ವಜನಿಕ ಗ್ರಂಥಾಲಯ ಆ ಪಟ್ಟಿಯಲ್ಲೇ ಇದೆ. ಆದರೆ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರಬೇಕು, ಸಿಎಸ್‌ಆರ್ ದುಡ್ಡು ಪಡೆಯಲು ಹೆಸರು ನೋಂದಾಯಿಸುವ ಸಿಎಸ್‌ಆರ್-1 ಫಾರಂ ತುಂಬಿರಬೇಕು. ಮೊದಲು ಊರಿನಲ್ಲೇ ಮನೆ ಮನೆಗೆ ಹೋಗಿ ಚಂದಾ ಎತ್ತಿ. ಐವತ್ತು ರೂಪಾಯಿ ಕೊಟ್ಟರೂ ರಸೀದಿ ಹರಿದು ಕೊಡಿ. ಊರಿನವರು ಎಷ್ಟು ಜನ ಕೈಜೋಡಿಸಿದ್ದಾರೆ ಎಂದು ಕಂಪನಿಯವರು ಕೇಳಿಯೇ ಕೇಳುತ್ತಾರೆ. ಬಜೆಟ್ಟಿನಲ್ಲಿ ಪುಸ್ತಕ ನೋಡಿಕೊಳ್ಳುವವರ ಸಂಬಳ ಬಿಡಬೇಡಿ. ಕಟ್ಟಡ ಎದ್ದು ಬೀಗ ಬಿದ್ದ ಗ್ರಂಥಾಲಯ ಎಷ್ಟು ನೋಡಿಲ್ಲ ನಾವು!

ಟ್ರಸ್ಟ್ ಡೀಡ್, ಕಳೆದ ಮೂರು ವರ್ಷದ ಆಡಿಟ್ ವರದಿ, ಜಾಗದ ಪಹಣಿ ಇಷ್ಟನ್ನು ತಮ್ಮನ ಹತ್ತಿರ ಸ್ಕ್ಯಾನ್ ಮಾಡಿಸಿ ಕಳಿಸಿ. ಅರ್ಜಿಯನ್ನು ಜನವರಿಯಲ್ಲಿ ನಾನೇ ಬರೆದುಕೊಡುತ್ತೇನೆ.

ಇಂತಿ ನಿಮ್ಮ ಮಗಳು,
ಸುಮಾ