ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಕೊಡಿ

ಸಂಪಾದಕರಿಗೆ ನಮಸ್ಕಾರ.

ಮೊಬೈಲಿನಲ್ಲಿ ಮನಸ್ಸು ರಿಪೇರಿ ಮಾಡಿಸಿಕೊಳ್ಳುವುದು ಈಗಿನವರ ಶೋಕಿ ಎಂದು ಹೋದ ವಾರ ಓದುಗರೊಬ್ಬರು ಇಲ್ಲಿ ಬರೆದಿದ್ದರು. ಆ ಶೋಕಿ ಮಾಡಿದವನು ನಾನು. ವಯಸ್ಸು 61. 32 ವರ್ಷ ಮುಂಬಯಿಯ ಘಾಟ್ಕೋಪರಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವನು. ಮನೆ ಡೊಂಬಿವಲಿ ಪೂರ್ವ, ಊರು ಕಾರ್ಕಳದ ಹತ್ತಿರ.

2021ರ ಆಗಸ್ಟಿನಲ್ಲಿ ಎರಡು ಡೋಸ್ ಕೋವಿಡ್ ಲಸಿಕೆ ಆದವರನ್ನು ಲೋಕಲ್ ರೈಲಿಗೆ ಬಿಟ್ಟರಲ್ವಾ, ಅದಾಗಿ ಮೂರು ತಿಂಗಳಿಗೆ ನಡೆದದ್ದು ಇದು. ಆಗ ಫಾಸ್ಟ್ ಗಾಡಿಗಳು ಠಾಣೆ ಊರಿನ ಹತ್ತಿರದ ಪಾರ್ಸಿಕ್ ಸುರಂಗದೊಳಗಿಂದ ಹೋಗುತ್ತಿದ್ದವು. ಆ ಸುರಂಗದಲ್ಲಿ ನಿಂತಲ್ಲೇ ನಿದ್ದೆ ಮಾಡಿದವನು ನಾನು. ಆ ದಿನ ಗಾಡಿ ಒಳಗೆ ಹೊಕ್ಕದ್ದೇ ತಡ, ಎದೆ ಡವಡವ, ಬೆರಳೆಲ್ಲ ಜುಮುಜುಮು, ಎಷ್ಟು ಎಳೆದರೂ ಉಸಿರು ಸಾಲದು. ಕಥೆ ಮುಗಿಯಿತು ಅಂದುಕೊಂಡೆ. ಠಾಣೆ ರೈಲು ಸ್ಟೇಶನ್ನಿನಲ್ಲಿ ಯಾರೋ ಪುಣ್ಯಾತ್ಮರು ಇಳಿಸಿ ಬೆಂಚಿನ ಮೇಲೆ ಕೂರಿಸಿದರು. ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲ ಆಯಿತು. ಎಲ್ಲ ನಾರ್ಮಲ್. ಒಬ್ಬ ಡಾಕ್ಟರು ಗ್ಯಾಸ್ ಎಂದರು. ಹೋಟೆಲಿನವನಿಗೆ ಗ್ಯಾಸ್ ಎಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ಇನ್ನೊಬ್ಬರು ಇದು ಪ್ಯಾನಿಕ್, ಅಂದರೆ ಏಕಾಏಕಿ ನುಗ್ಗಿ ಬರುವ ಹೆದರಿಕೆ, ಕೌನ್ಸೆಲಿಂಗ್ ತೆಗೆದುಕೊಳ್ಳಿ ಎಂದರು. ಅಷ್ಟರಲ್ಲಿ ನನಗೆ ಪ್ಲಾಟ್‌ಫಾರ್ಮ್ ಕಂಡರೇ ಬೆವರು. ಕೆಲಸ ಬಿಟ್ಟೆ.

ಮಗಳು ಮೊಬೈಲಿನಲ್ಲಿ ಕೌನ್ಸೆಲಿಂಗಿನ ಒಂದು ಆ್ಯಪ್ ಹಾಕಿಕೊಟ್ಟಳು. ಆರು ಸಲಕ್ಕೆ ಮೊದಲೇ ದುಡ್ಡು ಕಟ್ಟಬೇಕು. ಪ್ರತಿ ಸಲ ಬೇರೆ ಮುಖ. ಪ್ರತಿ ಸಲ ಸುರಂಗದಿಂದಲೇ ಕಥೆ ಶುರು. ಎಲ್ಲರೂ ಕಳಿಸುತ್ತಿದ್ದದ್ದು ಒಂದೇ ಇಂಗ್ಲಿಷ್ ಫಾರಂ. ಏಳು ಕಾಲಮ್ಮು. ಅದರಲ್ಲಿ ನನ್ನ 'ಥಾಟ್ಸ್' ತುಂಬಬೇಕಂತೆ. ಎರಡು ವಾರ ಖಾಲಿ ಕಳಿಸಿದೆ. ನೀವು ಸಹಕರಿಸುತ್ತಿಲ್ಲ ಎಂದರು. ಓದುಗರ ಸಿಟ್ಟು ಇಂಥದ್ದರ ಮೇಲಾದರೆ ನನ್ನದೂ ಸಹಿ ಇದೆ.

ಆಮೇಲೆ ಭಾವನ ಮೂಲಕ ಸಿಕ್ಕವರು ಮಂಗಳೂರಿನ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮನಸ್ಸಿನ ತೊಂದರೆಗೆ ಮಾತಿನಲ್ಲೇ ಚಿಕಿತ್ಸೆ ಕೊಡುವ ಮೇಡಂ. ಮಾತೆಲ್ಲ ಮೊಬೈಲಿನಲ್ಲೇ. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಮೊದಲ ದಿನವೇ ಹಾರ್ಟಿನ ರಿಪೋರ್ಟುಗಳನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ನೋಡಿದರು. ಹೃದಯದ ತೊಂದರೆ ಅಲ್ಲ ಎಂದು ಖಾತ್ರಿ ಆಗದೆ ತಾನು ಶುರು ಮಾಡುವುದಿಲ್ಲ ಎಂದರು. ಆಮೇಲೆ ಕಾಯಿಲೆಯ ಮಾತೇ ಇಲ್ಲ. "ಅಣ್ಣಾ, ಗಲ್ಲಾದಲ್ಲಿ ದಿನಾ ಏನೇನು ಮಾಡ್ತಿದ್ರಿ?" ಎಂದು ಕೇಳಿದರು. ನಾನು ಅರ್ಧ ಗಂಟೆ ಹೇಳಿದೆ. ರಾತ್ರಿ ಲೆಕ್ಕ ಟ್ಯಾಲಿ ಆಗದೆ ಎದ್ದವನಲ್ಲ ಎಂದೆ. "ಹಾಗಾದ್ರೆ ಒಂದು ಲೆಕ್ಕದ ಪುಸ್ತಕ ತನ್ನಿ" ಎಂದರು.

ಸ್ಟೇಶನ್ ರೋಡಿನಿಂದ ಉದ್ದದ ಕೆಂಪು ರಟ್ಟಿನ ಪುಸ್ತಕ ತಂದೆ. ಎಡಗಡೆ, ಏನಾಗುತ್ತದೆ ಅಂತ ಹೆದರಿದೆ. ಬಲಗಡೆ, ನಿಜವಾಗಿ ಏನಾಯಿತು. ಕನ್ನಡದಲ್ಲಿ, ದಿನಾಂಕ ಹಾಕಿ. ಅದೇ ಏಳು ಕಾಲಮ್ಮಿನ ಫಾರಮ್ಮೇ ಇದು, ನನಗೆ ಬರೆಯಲು ಬರುವ ರೂಪದಲ್ಲಿ, ಅಷ್ಟೇ. ಇದಕ್ಕೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎನ್ನುತ್ತಾರಂತೆ, ಯೋಚನೆ ಮತ್ತು ನಡವಳಿಕೆ ತಿದ್ದುವ ಚಿಕಿತ್ಸೆ. ಆರನ್ ಬೆಕ್ ಎಂಬ ಅಮೆರಿಕದ ಡಾಕ್ಟರು 1960ರ ದಶಕದಲ್ಲಿ ಶುರು ಮಾಡಿದ್ದು. ನನ್ನ ಅಪ್ಪ ಆಗ ಮಾಟುಂಗಾದಲ್ಲಿ ಗ್ಲಾಸು ತೊಳೆಯುತ್ತಿದ್ದರು.

ಮುಂದಿನದ್ದು ಎದೆಬಡಿತದ ಪಾಠ. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಬೇಕೆಂದೇ ನಾಲ್ಕು ಮಹಡಿ ಬೇಗ ಬೇಗ ಹತ್ತಿಸಿ, ಎದೆ ಹೊಡೆದುಕೊಳ್ಳುವಾಗ ಸುಮ್ನೆ ನಿಲ್ಲಿ ಎಂದರು. ಬಡಿತ ಏರುತ್ತದೆ, ತನ್ನಷ್ಟಕ್ಕೆ ಇಳಿಯುತ್ತದೆ, ಸಾಯುವುದಿಲ್ಲ. ಅದನ್ನು ಬಾಯಲ್ಲಿ ಹೇಳಿದರೆ ನಾನು ನಂಬುವವನಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ಆಮೇಲೆ ಸ್ಟೇಶನ್. ಇಲ್ಲಿ ಮೊಬೈಲ್ ಎಷ್ಟು ಉಪಯೋಗಕ್ಕೆ ಬಂತು ಕೇಳಿ. ಕ್ಲಿನಿಕ್ಕಿನಲ್ಲಿ ಕೂತ ಡಾಕ್ಟರು ಡೊಂಬಿವಲಿಯ ಪ್ಲಾಟ್‌ಫಾರ್ಮಿಗೆ ಬರುತ್ತಾರಾ? ಇವರು ಬಂದರು, ಇಯರ್‌ಫೋನಿನಲ್ಲಿ. ಮಧ್ಯಾಹ್ನ 2 ಗಂಟೆ, ಜನ ಕಡಿಮೆ. ಮೊದಲ ದಿನ ನಾಲ್ಕು ಗಾಡಿ ಬಿಟ್ಟೆ, ಹತ್ತಲಿಲ್ಲ. "ಇವತ್ತಿನ ಕೆಲಸ ಬರೀ ನಿಲ್ಲೋದು, ಹತ್ತೋದಲ್ಲ" ಎಂದರು. ಮುಂದಿನ ವಾರ ಸ್ಲೋ ಲೋಕಲ್‌ನಲ್ಲಿ ಕೋಪರ್‌ವರೆಗೆ, ಒಂದೇ ಸ್ಟೇಶನ್. ಆಮೇಲೆ ದಿವಾ. ಮುಂಬ್ರಾ ಬರುವ ಮೊದಲು ಮತ್ತೆ ಎದೆ ಡವಡವ. ಸ್ಲೋ ಗಾಡಿಗೆ ಆ ಸುರಂಗವೇ ಇಲ್ಲ, ಆದರೂ. ನಿಯಮ ಒಂದೇ: ಹೆದರಿಕೆ ಜಾಸ್ತಿ ಇರುವಾಗ ಇಳಿಯಬಾರದು. ಹಾಗೆ ಇಳಿದರೆ ಇಳಿದದ್ದಕ್ಕೇ ಬದುಕಿದೆ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದಂತೆ. ಕಂಬಿ ಹಿಡಿದು ನಿಂತೆ. ಠಾಣೆ ಬರುವಷ್ಟರಲ್ಲಿ ಅಂಗಿ ಒದ್ದೆ, ಎದೆ ಮಾತ್ರ ತಣ್ಣಗೆ.

ಐದು ತಿಂಗಳು, ಹನ್ನೊಂದು ಸಲ ಮಾತು. ಪುಸ್ತಕದ ಎಡಗಡೆ 43 ಸಲ 'ಸಾಯುತ್ತೇನೆ' ಎಂದಿದೆ. ಬಲಗಡೆ ಸೊನ್ನೆ. 43 ಸಲ ಮಾತು ತಪ್ಪಿದ ಗಿರಾಕಿಗೆ ನಾನು ಒಂದು ಚಾ ಕೂಡ ಉದ್ರಿ ಕೊಡುತ್ತಿರಲಿಲ್ಲ.

ನಾನು ಉತ್ಸಾಹದಲ್ಲಿ ಭಾವನಿಗೂ ಅಂಥದೇ ಪುಸ್ತಕ ತಂದುಕೊಟ್ಟೆ. ಅಕ್ಕ ತೀರಿಹೋದ ಮೇಲೆ ಅವರಿಗೆ ನಿದ್ದೆ ಇಲ್ಲ. ಅವರೂ ಇದೇ ಮೇಡಂ ಹತ್ತಿರ ಮಾತಾಡುತ್ತಿದ್ದವರು. ಮೇಡಂ ನಕ್ಕರಂತೆ. "ಅದು ನಿಮ್ಮ ಬಾಮೈದನಿಗೆ ಹೊಲಿಸಿದ ಅಂಗಿ" ಎಂದರಂತೆ. ಭಾವನಿಗೆ ಕೊಟ್ಟ ಕೆಲಸವೇ ಬೇರೆ: ಅಕ್ಕ ಮಾಡುತ್ತಿದ್ದ ಅಡುಗೆ ವಾರಕ್ಕೊಂದು ಮಾಡುವುದು, ಅವಳ ಬಗ್ಗೆ ಹೇಳುತ್ತಾ. ಅಳು ಬಂದರೆ ಅಳುವುದು. ಅಲ್ಲಿ ಲೆಕ್ಕಕ್ಕೆ ಏನು ಕೆಲಸ?

ಈಗ ನಾನು ಬರೆಯಲು ಕೂತ ವಿಷಯ. ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಐದು ಜನ ಇದ್ದೇವೆ. ಇಂಥ ಮಾತು ಎಲ್ಲಿ ಕೂತು ಆಡುವುದು? ನಾನು ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಕೂರುತ್ತಿದ್ದೆ. ಫೋನಿನಲ್ಲಿ ಹೆಣ್ಣುದನಿ, ನನ್ನದು ಪಿಸುಮಾತು. ಮೂರನೇ ಮಹಡಿಯವರು ಹೆಂಡತಿಗೆ ಬೇರೆಯೇ ಕಥೆ ಮುಟ್ಟಿಸಿದರು. ಅದನ್ನು ಸರಿಮಾಡಲು ಇನ್ನೊಂದು ಕೌನ್ಸೆಲಿಂಗ್ ಬೇಕಾಯಿತು. ನಗಬಹುದು, ಆದರೆ ಹೆಂಗಸರು ಎಲ್ಲಿಗೆ ಹೋಗಬೇಕು? ಹೋಟೆಲಿನ ರೂಮಿನಲ್ಲಿ ಹತ್ತು ಜನ ಮಲಗುವ ಹುಡುಗರು?

ಮುಂಬಯಿಯಲ್ಲಿ ನಮ್ಮ ಕನ್ನಡ ಸಂಘಗಳು, ಜಾತಿ ಸಂಘಗಳು ಎಷ್ಟಿವೆ! ಸ್ವಂತ ಕಟ್ಟಡ ಇರುವವೂ ಇವೆ. ವಾರದ ದಿನ ಮಧ್ಯಾಹ್ನ 2ರಿಂದ 5ರವರೆಗೆ ಅಲ್ಲಿ ಫ್ಯಾನು ಕೂಡ ತಿರುಗುವುದಿಲ್ಲ. ಒಂದು ಕೋಣೆ, ಒಂದು ಕುರ್ಚಿ, ವೈಫೈ, ಒಳಗಿನಿಂದ ಚಿಲಕ ಹಾಕುವ ಬಾಗಿಲು ಕೊಡಿ. ಹೆಸರು ಬರೆಸುವ ರಿಜಿಸ್ಟರ್ ಬೇಡ. ಯಾಕೆ ಬಂದಿರಿ ಎಂದು ಕಮಿಟಿಯವರು ಕೇಳುವುದೂ ಬೇಡ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರುತ್ತದೆ, ದುಡ್ಡು ಕಟ್ಟುವ ಮೊದಲು ಕೇಳಿ ಎಂದು ದಪ್ಪಕ್ಷರದಲ್ಲಿ ಹಾಕಿ. ಜೊತೆಗೆ 14416 ಕೂಡ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸಹಾಯ ಮಾಡುವ ಫೋನ್ ಸೇವೆ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಭಾಷೆಗಳಲ್ಲಿ ಕನ್ನಡವೂ ಇದೆ. ಅಪರಾತ್ರಿ ಎದೆ ಹೊಡೆದುಕೊಳ್ಳುವಾಗ ಕೋಣೆ ಹುಡುಕಲು ಆಗುವುದಿಲ್ಲ.

ಕಾಗದದ ಕೆಳಗೆ ಹೆಸರು ಬರೆದಿದ್ದೆ. ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಇನ್ನೆರಡು ತಿಂಗಳು ತಡೆಯಿರಿ ಎಂದಳು ಹೆಂಡತಿ. ಹಾಗಾಗಿ ಈ ಸಲ ಹೆಸರು ಹಾಕಬೇಡಿ.

— ನಿಮ್ಮ ಓದುಗ, ಡೊಂಬಿವಲಿ ಪೂರ್ವ